ಬಸ್ಸಿಗೆ ಬಾಯಾರಿಕೆ

ನನಗೆ ಬಸ್ ಕಂಡಕ್ಟರನ ಕೆಲಸ ಸಿಕ್ಕಿದಾಗ ಊರಿನಲ್ಲಿ ಎರಡು ಅಭಿಪ್ರಾಯ ಇತ್ತು. ಎಂಟನೇ ಕ್ಲಾಸು ಪಾಸಾದವನಿಗೆ ತಕ್ಕ ಕೆಲಸವೇ ಸಿಕ್ಕಿತು ಎಂಬುದು ಒಂದು. ಆ ಅಭಿಪ್ರಾಯ ನನ್ನೊಬ್ಬನದ್ದು. ಚೀಲಕ್ಕೆ ಹುಡುಗ ಚಿಕ್ಕವನಾದ ಎಂಬ ಇನ್ನೊಂದು ಉಳಿದವರದ್ದು. ಚರ್ಮದ ಚೀಲ ಹೆಗಲಿಗೆ ಹಾಕಿದರೆ ಅದು ಮೊಣಕಾಲಿಗೆ ಬಡಿಯುತ್ತಿತ್ತು. ದೂರದಿಂದ ನೋಡಿದವರಿಗೆ ಚೀಲವೇ ಚೆನ್ನಪ್ಪನೆಂಬ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಗುವ ಹಾಗೆ ಕಾಣುತ್ತಿತ್ತಂತೆ. ಸೀಟಿ ಮಾತ್ರ ನನ್ನ ಅಳತೆಗೆ ಸರಿಯಾಗಿತ್ತು. ಅದನ್ನು ಬೇಕಾದದ್ದಕ್ಕೂ ಊದುತ್ತಿದ್ದೆ, ಬೇಡದ್ದಕ್ಕೂ ಊದುತ್ತಿದ್ದೆ.

ಆದರೆ ನಾನು ಬರೆಯಲು ಹೊರಟದ್ದು ನನ್ನ ವಿಷಯ ಅಲ್ಲ, ಅಮ್ಮಣಿಯಕ್ಕನ ವಿಷಯ. ಅವರ ವಿಷಯ ಹೇಳಬೇಕಾದರೆ ಬಸ್ಸಿನ ವಿಷಯ ಹೇಳಬೇಕು. ಬಸ್ಸಿನಲ್ಲಿ ನಾನೂ ಇದ್ದೆನಲ್ಲ, ಅಷ್ಟಕ್ಕೆ ನಾನು.

ಅದು ಯುದ್ಧದ ಕಾಲ. ಪೆಟ್ರೋಲೆಲ್ಲ ಮಿಲಿಟರಿಗೆ ಹೋಗಿ ನಮ್ಮ ಬಸ್ಸಿಗೆ ಇದ್ದಿಲು ಉಳಿದಿತ್ತು. ಬಸ್ಸಿನ ಹಿಂಬದಿಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಕೊಟ್ಟು, ಪಕ್ಕದ ಚಕ್ರವನ್ನು ಕೈಯಲ್ಲಿ ತಿರುಗಿಸಿ ಗಾಳಿ ಹಾಕಿದರೆ ಒಂದು ತರಹದ ಹೊಗೆ ಹುಟ್ಟುತ್ತದೆ. ಆ ಹೊಗೆ ಕುಡಿದು ಬಸ್ಸು ಓಡುತ್ತದೆ. ಚಕ್ರ ತಿರುಗಿಸುವ ಬಟ್ಯನಿಗೆ ಕೆಮ್ಮು, ಬಸ್ಸಿಗೆ ಓಟ. ಹೊಸಂಗಡಿಯಿಂದ ಮೂಡು ದಿಕ್ಕಿಗೆ ಗದ್ದೆಬಯಲು ಮುಗಿಯುವ ತನಕ ಅದು ಮರ್ಯಾದೆಯಿಂದ ಓಡುತ್ತಿತ್ತು. ಬಯಲು ಮುಗಿದು ಪಾದೆಯ ಏರು ಸಿಕ್ಕಿದ ಕೂಡಲೇ ಅದಕ್ಕೆ ತನ್ನ ವಯಸ್ಸು ನೆನಪಾಗುತ್ತಿತ್ತು.

ಪಾದೆ ಅಂದರೆ ಕಪ್ಪು ಬಂಡೆ. ಆ ಗುಡ್ಡದಲ್ಲಿ ಬೇರೆ ಏನೂ ಇಲ್ಲ. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲು ಬಂದು ಚಂದ ಕಾಣುತ್ತದೆ. ಕಡು ಬೇಸಿಗೆಯ ಪಗ್ಗು ತಿಂಗಳು ಬಂತೆಂದರೆ ಸೂರ್ಯ ಮೇಲಿನಿಂದ ಒಮ್ಮೆ, ಬಂಡೆ ಕೆಳಗಿನಿಂದ ಒಮ್ಮೆ, ಎರಡು ಬದಿಯಿಂದಲೂ ಮನುಷ್ಯನನ್ನು ಕಾಯಿಸುತ್ತವೆ. ದೋಸೆಯನ್ನಾದರೂ ಮಗುಚಿ ಹಾಕಬೇಕು, ಅಲ್ಲಿ ನಿಂತವನಿಗೆ ಆ ಕಷ್ಟವೂ ಇಲ್ಲ. ನಮ್ಮ ಬಸ್ಸು ಆ ಏರಿನ ಬುಡಕ್ಕೆ ತಲಪುತ್ತಿದ್ದದ್ದು ಸರಿಯಾಗಿ ನಡು ಮಧ್ಯಾಹ್ನಕ್ಕೆ.

ಬಸ್ಸು ಕೆಮ್ಮಿ ನಿಂತ ಕೂಡಲೇ ಡ್ರೈವರ್ ಮಮ್ಮಾಲಿ ಬ್ಯಾರಿಗಳು ಬೀಡಿ ಹಚ್ಚಿ, ನನ್ನ ಕಡೆ ತಿರುಗದೆಯೇ "ಇಳಿಸು" ಎನ್ನುತ್ತಿದ್ದರು. ಅವರದ್ದು ಅಷ್ಟೇ ಮಾತು. ನಾನು ಸೀಟಿ ಊದಿ, "ಎಲ್ಲರೂ ಇಳಿದು ದೂಡಿ, ಕೈಲಾಗದವರು ಕೂತುಕೊಳ್ಳಿ" ಎಂದು ಕೂಗುತ್ತಿದ್ದೆ. ಈ ಮಾತನ್ನು ನಾನೇ ಯೋಚಿಸಿ ಕಟ್ಟಿದ್ದು. ಅದರಲ್ಲಿ ದಯೆ ಉಂಟು, ಶಿಸ್ತೂ ಉಂಟು ಎಂದು ನನ್ನ ನಂಬಿಕೆ. ಕೂಗಿದ ಮರುಗಳಿಗೆಯಲ್ಲಿ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದವರು ಎಪ್ಪತ್ತು ದಾಟಿದವರು. ಕೂತಲ್ಲಿಂದ ಅಲ್ಲಾಡದವರು ಇಪ್ಪತ್ತೈದರ ಗಟ್ಟಿ ಆಳುಗಳು. ಅವರಿಗೆ ಕೈಲಾಗದವರು ಎನ್ನಿಸಿಕೊಳ್ಳಲು ನಾಚಿಕೆ ಇರಲಿಲ್ಲ. ಮುದುಕರಿಗೆ ಇತ್ತು. ಹೀಗೆ ನನ್ನ ದಯೆಯಿಂದಾಗಿ ಹೊಸಂಗಡಿಯ ಸಂತೆಯ ದಿನ, ಪ್ರತಿ ಶನಿವಾರ, ಮುದುಕರು ಬಿಸಿಲಿನಲ್ಲಿ ಬಸ್ಸು ದೂಡುವುದೂ, ಹುಡುಗರು ನೆರಳಿನಲ್ಲಿ ಕೂತು ವೀಳ್ಯ ಹಾಕುವುದೂ ನಡೆದು ಬಂತು. ಇದರಲ್ಲಿ ಏನೋ ತಪ್ಪಿದೆ ಎಂದು ನನಗೂ ಅನ್ನಿಸಿತ್ತು. ಹೆಚ್ಚು ಜೋರಾಗಿ ಕೂಗಿ ನೋಡಿದೆ.

ಇಳಿಯುವವರಲ್ಲಿ ಮೊದಲಿಗರು ಉಗ್ಗಪ್ಪಣ್ಣ. ಅಮ್ಮಣಿಯಕ್ಕನ ಸೋದರಮಾವ. ಬಸ್ಸು ಬರುವ ಮೊದಲು ಆ ದಾರಿಯಲ್ಲಿ ಎತ್ತಿನ ಗಾಡಿ ಹೊಡೆದವರು. ಕಾಳ, ಬೊಳ್ಳ ಎಂಬ ಎರಡು ಎತ್ತು, ಒಂದು ಗಾಡಿ. ಅಕ್ಕಿ, ಅಡಿಕೆ, ಉಪ್ಪು, ಮದುವೆಯ ದಿಬ್ಬಣ, ಕಾಯಿಲೆಯವರು, ಎಲ್ಲ ಅದರಲ್ಲೇ. ಬಸ್ಸು ಬಂದು ಗಾಡಿಗೆ ಬಾಡಿಗೆ ಇಲ್ಲದಾಯಿತು. ಎತ್ತು ಮಾರಿದ ದಿನ ಅವರು ಊಟ ಮಾಡಲಿಲ್ಲ ಎಂದು ಅಮ್ಮಣಿಯಕ್ಕ ಹೇಳಿದ್ದುಂಟು. ಆಮೇಲೂ ಶನಿವಾರ ತಪ್ಪದೆ ಬೆಳಗ್ಗೆ ಹೊಸಂಗಡಿಗೆ ಇಳಿದು, ಹಳೆಯ ಗಾಡಿಯವರ ಜೊತೆ ಕಟ್ಟೆಯಲ್ಲಿ ಕೂತು, ಹೊಗೆಸೊಪ್ಪು ಕೊಂಡು, ಮಧ್ಯಾಹ್ನದ ಬಸ್ಸಿಗೆ ಹಿಂದೆ ಬರುತ್ತಿದ್ದರು. ಬಸ್ಸು ಏರಿನಲ್ಲಿ ನಿಂತದ್ದೇ ತಡ, ಅವರ ಮುಖದಲ್ಲಿ ಹಬ್ಬ. ಇಳಿದು, ಹೆಗಲ ತುಂಡುಬಟ್ಟೆ ಬೈರಾಸನ್ನು ಸೊಂಟಕ್ಕೆ ಬಿಗಿದು, ಹಿಂದಿನ ತಗಡಿಗೆ ಹೆಗಲು ಕೊಟ್ಟು, "ನನ್ನ ಎತ್ತು ತಿಂದ ಗಾಡಿ. ಈಗ ನಾನು ದೂಡದೆ ಏರುತ್ತದಾ ನೋಡು" ಎಂದು ನನಗೆ ಹೇಳುತ್ತಿದ್ದರು. ಆ ಹಿಂದಿನ ತಗಡಿನ ಹತ್ತಿರವೇ ಇದ್ದಿಲಿನ ಪೀಪಾಯಿ ಕೆಂಡವಾಗಿರುತ್ತಿತ್ತು.

ಏರಿನ ಅರ್ಧದಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಅಮ್ಮಣಿಯಕ್ಕನ ಮನೆ. ಮುಳಿಹುಲ್ಲಿನ ಮಾಡು, ಎರಡು ಗೇರುಮರ, ಹಿಂದೆ ಗುಡ್ಡದ ಹೊಟ್ಟೆಗೆ ತೋಡಿದ ಸುರಂಗ. ಬಾವಿಗಳೆಲ್ಲ ಬತ್ತಿದರೂ ಆ ಸುರಂಗದಿಂದ ಬೆರಳು ದಪ್ಪದ ನೀರು ಬರುತ್ತಲೇ ಇರುತ್ತಿತ್ತು. ಉಗ್ಗಪ್ಪಣ್ಣ ತಮ್ಮ ಕಾಲದಲ್ಲಿ ಎತ್ತುಗಳಿಗೆಂದೇ ತೋಡಿಸಿದ್ದು. ಅಡಿಕೆಮರ ಸೀಳಿದ ದಂಬೆಯಲ್ಲಿ ಆ ನೀರನ್ನು ರಸ್ತೆಯ ಬದಿಗೆ ತಂದು ಒಂದು ಕಲ್ಲಿನ ಮರಿಗೆಗೆ ಬೀಳಿಸಿದ್ದರು. ಎತ್ತು ಹೋದ ಮೇಲೆ ಮರಿಗೆಯಲ್ಲಿ ಗೇರಿನ ಎಲೆ ತುಂಬಿತ್ತು.

ಅಮ್ಮಣಿಯಕ್ಕನಿಗೆ ಆಗ ನಲವತ್ತರ ಹತ್ತಿರ. ಗಂಡ ಬೇಗ ತೀರಿಕೊಂಡು, ಮಾವನೊಬ್ಬರೇ ಮನೆಯಲ್ಲಿ ಉಳಿದವರು. ಗೇರುಬೀಜ ಹೆಕ್ಕುವುದು, ಸೊಪ್ಪು ಹೊರುವುದು, ಬೇರೆಯವರ ಗದ್ದೆಯಲ್ಲಿ ಭತ್ತದ ನೇಜಿ ನೆಡುವುದು. ಅವರ ಗುಣ ಒಂದೇ ಮಾತಿನಲ್ಲಿ ಹೇಳಬೇಕಾದರೆ, ಹಿಡಿದದ್ದು ಬಿಡದವರು. ಒಮ್ಮೆ ಒಂದು ಹೇಂಟೆ ಕೋಳಿ ಕಳೆದದ್ದಕ್ಕೆ ಮೂರು ಊರು ಹುಡುಕಿ, ಬೇರೆ ಯಾರದ್ದೋ ಹೇಂಟೆಯನ್ನು ತಮ್ಮದೇ ಎಂದು ಸಾಧಿಸಿ ತಂದವರು. ತಮ್ಮದು ಮರುದಿನ ಅಟ್ಟದಿಂದ ಇಳಿದು ಬಂತು. ಎರಡನ್ನೂ ಇಟ್ಟುಕೊಂಡರೆಂದು ಬಟ್ಯ ಹೇಳುತ್ತಾನೆ. ಒಂದನ್ನು ಹಿಂದೆ ಕೊಟ್ಟೆನೆಂದು ಅವರು.

ಆ ವರ್ಷದ ಪಗ್ಗು ಬೇರೆ ವರ್ಷಗಳ ಹಾಗೆ ಇರಲಿಲ್ಲ. ಗಾಳಿಯೇ ಇಲ್ಲ. ಕಾಗೆ ಕೂಡ ಬಾಯಿ ತೆರೆದು ಗೇರುಮರದ ಒಳಗೆ ಕೂತಿರುತ್ತಿತ್ತು. ಒಂದು ಶನಿವಾರ ಬಸ್ಸು ಎಂದಿನಂತೆ ನಿಂತಿತು, ನಾನು ಎಂದಿನಂತೆ ಕೂಗಿದೆ, ಉಗ್ಗಪ್ಪಣ್ಣ ಎಂದಿನಂತೆ ಇಳಿದರು. ಅಮ್ಮಣಿಯಕ್ಕನ ಮನೆಯ ಹತ್ತಿರ ಬರುವಾಗ ಅವರು ತಗಡಿನಿಂದ ಕೈ ತೆಗೆದು, ರಸ್ತೆಯ ನಡುವೆ ನಿಂತು, "ಬೊಳ್ಳ, ಬಲಕ್ಕೆ, ಬಲಕ್ಕೆ" ಎಂದರು. ನಾವೆಲ್ಲ ತಮಾಷೆ ಎಂದು ನಕ್ಕೆವು. ಮತ್ತೆ ಅವರು ಕೂತುಕೊಳ್ಳುವ ಹಾಗೆ ಬಗ್ಗಿ, ಹಾಗೆಯೇ ಬಿದ್ದರು.

ಮುಟ್ಟಿ ನೋಡಿದರೆ ಮೈ ಕಾದ ಬಾಣಲೆ. ಬೆವರಿನ ಒಂದು ಹನಿ ಇಲ್ಲ. ಎಲ್ಲರೂ ಜ್ವರ ಎಂದರು. ಅಷ್ಟು ಬಿಸಿ ಮೈಗೆ ನಮ್ಮಲ್ಲಿ ಇದ್ದ ಹೆಸರು ಅದೊಂದೇ, ಮತ್ತು ಜ್ವರಕ್ಕೆ ನಮಗೆ ಗೊತ್ತಿದ್ದ ಕ್ರಮ ಗಾಳಿ ತಾಗಿಸಬಾರದು, ನೀರು ಮುಟ್ಟಿಸಬಾರದು, ಹೊದೆಸಬೇಕು. ಯಾರೋ ಕಂಬಳಿ ಬಿಚ್ಚಿದರು. ವಿದ್ಯಾವಂತನಾದ ನಾನು ಹಿಂದೆ ಬೀಳಬಾರದೆಂದು ನನ್ನ ಖಾಕಿ ಕೋಟು ತೆಗೆದು ಕಂಬಳಿಯ ಮೇಲೆ ಹೊದೆಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ ಬಂದೋಬಸ್ತು ಮಾಡಿದೆ.

ಅಮ್ಮಣಿಯಕ್ಕ ಸೊಪ್ಪಿನ ಹೊರೆ ಎಸೆದು ಓಡಿ ಬಂದರು. ಮಾವನ ಕೆನ್ನೆಗೆ ಕೈ ಇಟ್ಟು ನೋಡಿ, ಕೋಟನ್ನೂ ಕಂಬಳಿಯನ್ನೂ ಒಂದೇ ಎಳೆತಕ್ಕೆ ಕಿತ್ತು ರಸ್ತೆಗೆ ಹಾಕಿದರು. ಜ್ವರದವರಿಗೆ ಹಾಗೆ ಮಾಡಬಾರದು ಎಂದು ನಾನು ಶುರು ಮಾಡಿದೆ. "ಬೆಳಗ್ಗೆ ನನ್ನ ಹತ್ತಿರ ಜಗಳ ಮಾಡಿ ಹೋದವರು, ಜ್ವರ ಎಲ್ಲಿಂದ ಬರುತ್ತದೆ? ಕಾಲು ಹಿಡಿ," ಎಂದರು. ಹಿಡಿದೆ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ನಾವು ಮನೆಯ ಹಿಂದೆ ಸುರಂಗದ ಬಾಯಿಯಲ್ಲಿದ್ದೆವು.

ಸುರಂಗದ ಒಳಗೆ ನಾಲ್ಕು ಹೆಜ್ಜೆ ಹೋದರೆ ಬೇರೆ ತಿಂಗಳು. ಗೋಡೆ ತಣ್ಣಗೆ ಬೆವರುತ್ತಿತ್ತು; ಮನುಷ್ಯ ಬೆವರದಿದ್ದ ಆ ದಿನ ಬಂಡೆ ಬೆವರುವುದನ್ನು ನಾನು ನೋಡಿದೆ. ಮಾವನನ್ನು ನೀರಿನ ಹರಿವಿನಲ್ಲೇ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಮ್ಮಣಿಯಕ್ಕ ಕೈಯಲ್ಲಿ ಮೊಗೆ ಮೊಗೆದು ಎದೆಗೆ, ಕಂಕುಳಿಗೆ, ಕುತ್ತಿಗೆಗೆ ಹೊಯ್ದರು. ನನಗೆ ಬೀಸುವ ಕೆಲಸ. ಟಿಕೇಟಿನ ಹಲಗೆಯಲ್ಲಿ ಬೀಸಿದೆ. ಅದು ಆ ಹಲಗೆ ಕಂಡ ಅತ್ಯಂತ ಉಪಯುಕ್ತ ದಿನ.

ಗಾಬರಿಯಲ್ಲಿ ಅಮ್ಮಣಿಯಕ್ಕ ಒಂದು ತೆಂಗಿನ ಚಿಪ್ಪು ನೀರನ್ನು ಮಾವನ ಬಾಯಿಗೆ ಹೊಯ್ಯಲು ಹೋದರು. ಹಿಂದಿನಿಂದ ಒಂದು ಕೈ ಬಂದು ಅವರ ಮಣಿಕಟ್ಟು ಹಿಡಿಯಿತು. ನಬೀಸುಮ್ಮ. ಶನಿವಾರ ಮಗಳ ಮನೆಗೆ ಹೋಗಿ ಬರುವ ಮುದುಕಿ, ಬಸ್ಸಿನಿಂದ ನಮ್ಮ ಹಿಂದೆಯೇ ತಾಳೆಗರಿಯ ಕೊಡೆ ಊರಿಕೊಂಡು ಬಂದಿದ್ದರು. ಎಚ್ಚರ ಇಲ್ಲದವನ ಬಾಯಿಗೆ ಹೊಯ್ದರೆ ಎದೆಗೆ ಇಳಿಯುತ್ತದೆ, ಕಾಯಬೇಕು ಎಂದರು. ಅವರ ಅಣ್ಣ ಹಾಗೆ ಹೋದದ್ದಂತೆ. ಅಮ್ಮಣಿಯಕ್ಕ ಅವರನ್ನು ಕೊಲ್ಲುವ ಹಾಗೆ ನೋಡಿದರು. ಆದರೆ ಕಾದರು.

ತುಂಬ ಹೊತ್ತಿನ ಮೇಲೆ ಉಗ್ಗಪ್ಪಣ್ಣ ಕಣ್ಣು ತೆರೆದರು. ಮೈ ಸ್ವಲ್ಪ ಇಳಿದಿತ್ತು. ಈಗ ಕುಡಿಸಬಹುದು ಎಂದು ನಬೀಸುಮ್ಮ ತಲೆ ಅಲ್ಲಾಡಿಸಿದರು. ಅಮ್ಮಣಿಯಕ್ಕ ಮನೆಯಿಂದ ಉಪ್ಪು ಹಾಕಿದ ಗಂಜಿ ತಿಳಿ ತಂದು ತುಟಿಗೆ ಹಿಡಿದರೆ ಮುದುಕರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ಮತ್ತೆ ಹಿಡಿದರು, ಮತ್ತೆ ತಿರುಗಿಸಿದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ ಕೇಳಿದರು:

"ಅವಕ್ಕೆ ಕೊಟ್ಟಾಯ್ತಾ?"

ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮಣಿಯಕ್ಕ ಮಾತ್ರ ಒಂದು ಕ್ಷಣವೂ ತಡೆಯಲಿಲ್ಲ.

"ಕೊಟ್ಟಾಯ್ತು ಮಾವ. ಕಾಳನೂ ಕುಡಿದ, ಬೊಳ್ಳನೂ ಕುಡಿದ. ಇನ್ನು ನಿಮ್ಮದು."

ಆಗ ಅವರು ಕುಡಿದರು. ಗುಟುಕು ಗುಟುಕಾಗಿ, ಒಂದು ಚಿಪ್ಪು ಮುಗಿಯುವ ತನಕ.

ಗಾಡಿಯವರ ಕ್ರಮ ಅದು ಎಂದು ಅಮ್ಮಣಿಯಕ್ಕ ಆಮೇಲೆ ಹೇಳಿದರು. ಏರಿನ ಅರ್ಧದಲ್ಲಿ ಮರಿಗೆಯ ಹತ್ತಿರ ಗಾಡಿ ನಿಲ್ಲಿಸಿದರೆ ಮೊದಲು ಎತ್ತು ಕುಡಿಯಬೇಕು, ಮತ್ತೆ ಗಾಡಿಯವ. ಎತ್ತಿನ ಮೊದಲು ಕುಡಿದವನ ಗಾಡಿಗೆ ಜನ ಹತ್ತುತ್ತಿರಲಿಲ್ಲವಂತೆ. ಚಿಕ್ಕವರಿದ್ದಾಗ ಗಾಡಿಯಲ್ಲಿ ಕೂತು ಬರುವಾಗ ತಾವು ನೀರು ನೀರು ಎಂದು ಅತ್ತರೂ, ಎತ್ತು ತಲೆ ಎತ್ತುವ ತನಕ ಮಾವ ಕೊಡುತ್ತಿರಲಿಲ್ಲ ಎಂದರು.

ಮುದುಕರು ಉಳಿದರು. ಎರಡು ವಾರ ಮನೆಯಲ್ಲಿ ಮಲಗಿದರು. ಮೂರನೆಯ ಶನಿವಾರ ಬೈರಾಸು ಹೆಗಲಿಗೆ ಹಾಕಿ ಹೊರಟರು.

ಇಲ್ಲಿಂದ ಅಮ್ಮಣಿಯಕ್ಕನ ಯುದ್ಧ ಶುರು. ಇನ್ನೊಂದು ಸಲ ಹಾಗೆ ಬಿದ್ದರೆ ಏಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು, ಆದರೆ ಅವರ ಲೆಕ್ಕವೇ ಬೇರೆ: ಶನಿವಾರ ಹೊಸಂಗಡಿಗೆ ಇಳಿಯದವನು ಸತ್ತವನ ಲೆಕ್ಕಕ್ಕೇ ಸೇರಿದ ಹಾಗೆ. ಅಮ್ಮಣಿಯಕ್ಕ ಅವರ ಊರುಗೋಲು ಅಡಗಿಸಿದರು. ಮಾವ ಬೇರೆಯದನ್ನು ಕಡಿದುಕೊಂಡರು. ಶನಿವಾರ ಪಡು ದಿಕ್ಕಿಗೆ ಪ್ರಯಾಣ ಆಗದು ಎಂದು ಜೋಯಿಸರು ಹೇಳಿದ್ದಾರೆಂದರು; ಹಾಗಾದರೆ ಬೆನ್ನು ಮುಂದೆ ಮಾಡಿ ನಡೆಯುತ್ತೇನೆ ಎಂದರು ಮಾವ. ಬಸ್ಸಿನ ಹತ್ತಿರ ಬಂದು ದೂಡಬೇಡಿ, ಕೂತುಕೊಳ್ಳಿ ಎಂದು ಕೈ ಮುಗಿದರೆ, ಮಾವ ನನ್ನ ಕಡೆ ಬೆರಳು ತೋರಿಸಿ, ಆ ಚೀಲದ ಹುಡುಗ ಎಲ್ಲರ ಎದುರು ಕೈಲಾಗದವ ಎಂದು ಕೂಗುವಾಗ ನಾನು ಕೂತಿರಬೇಕಾ ಎಂದು ಕೇಳಿದರು. ಅಮ್ಮಣಿಯಕ್ಕ ನನ್ನ ಕಡೆ ತಿರುಗಿದರು. ನಾನು ಸೀಟಿಯನ್ನು ಕಿಸೆಗೆ ಹಾಕಿದೆ.

ಆ ವಾರ ನಾನು ಕೂಗನ್ನು ಬದಲಿಸಿದೆ. "ಹಿರಿಯರು ದಯಮಾಡಿ ಕೂತುಕೊಳ್ಳಬೇಕು" ಎಂದೆ. ಯಾರು ಹಿರಿಯರು ಎಂದು ಒಬ್ಬರ ಮುಖ ಒಬ್ಬರು ನೋಡಿ, ಎಲ್ಲರೂ ಇಳಿದರು.

ಮಧ್ಯಾಹ್ನದ ಬಸ್ಸನ್ನು ಸಂಜೆಗೆ ಹಾಕಲು ಆಗುತ್ತದಾ ಎಂದು ಅಮ್ಮಣಿಯಕ್ಕ ಕೇಳಿ ಕಳಿಸಿದರು. ಬಸ್ಸಿನ ಧಣಿಗಳ ಮುಂದೆ ನಾನು ವಿಷಯ ಎತ್ತಿದೆ. ಅವರು ನನ್ನನ್ನೂ ನನ್ನ ಚೀಲವನ್ನೂ ನೋಡಿ, ಇವೆರಡರಲ್ಲಿ ಯಾವುದು ಮಾತಾಡಿದ್ದು ಎಂದು ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ಮುಂದಿನ ಶನಿವಾರ ಅಮ್ಮಣಿಯಕ್ಕ ಏರಿನ ನಡುವೆ, ರಸ್ತೆಗೆ ಅಡ್ಡ, ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು. ಮುದುಕರು ಬಸ್ಸಿನ ಒಳಗೆ ಹತ್ತದೆ ಬಸ್ಸು ಮುಂದೆ ಹೋಗಬಾರದು ಎಂದು. ಧೈರ್ಯವೇನೋ ದೊಡ್ಡದೇ. ಆದರೆ ಆ ದಿನ ಬಸ್ಸು ಅಪರೂಪಕ್ಕೆ ತಾನಾಗಿಯೇ ಏರುತ್ತಿತ್ತು. ಇವರನ್ನು ಕಂಡು ಮಮ್ಮಾಲಿ ಬ್ಯಾರಿಗಳು ಬ್ರೇಕು ಹಾಕಿದರು. ಹಾಕಿದ ಮೇಲೆ ಅದು ಮತ್ತೆ ಅಲ್ಲಾಡಲಿಲ್ಲ. ಎಲ್ಲರೂ ಇಳಿದು, ಉಳಿದ ಅರ್ಧ ಏರನ್ನು ಪೂರಾ ದೂಡಬೇಕಾಯಿತು. ಉಗ್ಗಪ್ಪಣ್ಣ ಎಲ್ಲರಿಗಿಂತ ಸಂತೋಷದಲ್ಲಿ ದೂಡಿದರು. ಅಮ್ಮಣಿಯಕ್ಕನ ಮುಖ ನೋಡಲು ಆಗುವಂತಿರಲಿಲ್ಲ. ಅವರೂ ಮಾವನ ಪಕ್ಕದಲ್ಲಿ ಹೆಗಲು ಕೊಟ್ಟರು. ದೂಡುತ್ತ ದೂಡುತ್ತ ಮಾವನ ಮುಖವನ್ನೇ ನೋಡುತ್ತಿದ್ದರು, ಬೆವರು ನಿಲ್ಲುತ್ತದಾ ಎಂದು. ಮೇಲೆ ತಲಪಿದ ಮೇಲೆ ಚೊಂಬು ಹಿಡಿದರೆ ಮಾವ, ಏರು ಹತ್ತಿದ ಕೂಡಲೇ ಕುಡಿದರೆ ಸೊಂಟ ಹಿಡಿಯುತ್ತದೆ ಎಂದು ಕೈ ಅಲ್ಲಾಡಿಸಿದರು.

ಆಗ ಬಸ್ಸಿನ ಮೂತಿಯಿಂದ ಬುಸ್ ಎಂದು ಬಿಳಿ ಹಬೆ ಎದ್ದಿತು. ಬಟ್ಯ ತೂತು ಬಿದ್ದ ಡಬ್ಬಿ ಹಿಡಿದು ಓಡಿದ. ಮಮ್ಮಾಲಿ ಬ್ಯಾರಿಗಳು ಮುಚ್ಚಳಕ್ಕೆ ಗೋಣಿ ಸುತ್ತಿ, ಹಬೆ ಇಳಿಯುವ ತನಕ ಕಾದು ತೆರೆದರೆ, ಡಬ್ಬಿಯಲ್ಲಿ ಎರಡು ಗುಟುಕೂ ಉಳಿದಿರಲಿಲ್ಲ. ಅಮ್ಮಣಿಯಕ್ಕ ತಮ್ಮ ಚೊಂಬನ್ನು ಅವರ ಕೈಗೆ ಕೊಟ್ಟರು. ಬಸ್ಸು ಗಳಗಳ ಎಂದು ಕುಡಿಯಿತು. ಅಮ್ಮಣಿಯಕ್ಕ ಅದನ್ನೇ ನೋಡುತ್ತ ನಿಂತರು. ಮತ್ತೆ ಖಾಲಿ ಚೊಂಬು ಹಿಡಿದು ಇಳಿದು ಮನೆಗೆ ಹೋದರು.

ಮರುದಿನ ಬೆಳಗ್ಗೆ ಹೊಸಂಗಡಿಯಲ್ಲಿ ಬಸ್ಸಿನ ಎದುರು ಹಾಜರು. ತಲೆಯ ಮೇಲೆ ಒಂದರ ಮೇಲೊಂದು ಮಣ್ಣಿನ ಮಡಕೆ.

"ಬ್ಯಾರಿಗಳೇ, ಈ ಬಸ್ಸಿಗೆ ಏರಿನಲ್ಲಿ ನೀರು ಬೇಕಲ್ಲವಾ?"

"ಬೇಕು."

"ಡಬ್ಬಿಯಲ್ಲಿ ನಿಲ್ಲುವುದಿಲ್ಲ. ಮಡಕೆ ಉಂಟು. ಆದರೆ ಕುಲುಕುವ ಬಸ್ಸಿನಲ್ಲಿ ಮಡಕೆಯನ್ನು ಯಾರಾದರೂ ತೊಡೆಯ ಮೇಲೆ ಹಿಡಿದು ಕೂರಬೇಕು. ಹುಡುಗರು ಹಿಡಿದರೆ ಒಡೆಯುತ್ತಾರೆ."

ಮಮ್ಮಾಲಿ ಬ್ಯಾರಿಗಳು ಬೀಡಿಯನ್ನು ಬಾಯಿಂದ ತೆಗೆದರು. ಅವರು ಬೀಡಿ ತೆಗೆದರೆ ವಿಷಯ ದೊಡ್ಡದು ಎಂದರ್ಥ. ಮಡಕೆಗಳನ್ನು ನೋಡಿದರು, ಅಮ್ಮಣಿಯಕ್ಕನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ, ಇನ್ನು ಮೇಲೆ ಏರಿನಲ್ಲಿ ನೀನು ಬಾಯಿ ಮುಚ್ಚಿಕೊಂಡಿರಬೇಕು, ಕೂಗುವುದು ನಾನು ಎಂದರು. ನನಗೆ ಬೇಸರವಾಗಬೇಕಿತ್ತು. ನಿಜ ಹೇಳಿದರೆ ಬದುಕಿದೆ ಅನ್ನಿಸಿತು.

ಶನಿವಾರ ಹೊಸಂಗಡಿಯಲ್ಲಿ ಮಡಕೆ ತುಂಬಿಸಿ, ಒದ್ದೆ ಗೋಣಿ ಸುತ್ತಿ, ಹತ್ತಿದ ಒಬ್ಬೊಬ್ಬ ಮುದುಕರ ತೊಡೆಯ ಮೇಲೆ ನಾನೇ ಇಟ್ಟೆ. ಇದು ಬಸ್ಸಿನ ನೀರು, ಡ್ರೈವರ್ ಹೇಳಿದ್ದಾರೆ, ಚೆಲ್ಲಬಾರದು ಎಂದೆ. ಯಾರೂ ಬೇಡ ಎನ್ನಲಿಲ್ಲ. ಹೊಣೆ ಕೊಟ್ಟರೆ ಬೇಡ ಎನ್ನುವ ಮುದುಕರು ನಮ್ಮ ಸೀಮೆಯಲ್ಲಿ ಇಲ್ಲ. ನಬೀಸುಮ್ಮ ಮಡಕೆಯನ್ನು ಮೊಮ್ಮಗುವಿನ ಹಾಗೆ ಅಪ್ಪಿಕೊಂಡು, ತಣ್ಣಗಿದೆ ಎಂದು ಕೆನ್ನೆಯನ್ನೂ ತಾಗಿಸಿದರು. ಉಗ್ಗಪ್ಪಣ್ಣ ಮಾತ್ರ ಮಡಕೆಯನ್ನು ತೆಗೆದುಕೊಳ್ಳದೆ, ಇದು ಯಾರ ಬುದ್ಧಿ ಎಂದು ಕೇಳಿದರು. ಬಸ್ಸಿನದ್ದು ಎಂದೆ. ಬಸ್ಸಿಗೆ ಬುದ್ಧಿ ಇದ್ದಿದ್ದರೆ ನಿನ್ನನ್ನು ಇಟ್ಟುಕೊಳ್ಳುತ್ತಿತ್ತಾ ಎಂದರು. ಮಡಕೆ ಅವರ ಕಾಲಬುಡದಲ್ಲಿ ಉಳಿಯಿತು.

ಗದ್ದೆಬಯಲು ಮುಗಿಯಿತು. ಏರು ಬಂತು. ಬಸ್ಸು ಎರಡು ಸಲ ಕೆಮ್ಮಿ, ಅಮ್ಮಣಿಯಕ್ಕನ ಮನೆಯ ಕೆಳಗೆ ನಿಂತಿತು. ಆ ದಿನದ ಬಿಸಿಲಿಗೆ ಕಿಟಕಿಯ ಸರಳು ಮುಟ್ಟಲು ಆಗುತ್ತಿರಲಿಲ್ಲ. ಹುಡುಗರನ್ನು ಬಟ್ಯ ಒಬ್ಬೊಬ್ಬರನ್ನಾಗಿ ಬೈದು ಇಳಿಸಿದ. ಮಡಕೆ ಹಿಡಿದ ಮುದುಕರಿಗೆ ಏಳುವ ಹಾಗಿಲ್ಲ, ಎದ್ದರೆ ಚೆಲ್ಲುತ್ತದೆ. ಉಗ್ಗಪ್ಪಣ್ಣ ಎದ್ದರು. ಬೈರಾಸು ಸೊಂಟಕ್ಕೆ ಬಿಗಿದು ಬಾಗಿಲಿಗೆ ಕೈ ಇಟ್ಟರು. ಹೊರಗೆ ಮರಿಗೆಯ ಪಕ್ಕ ಅಮ್ಮಣಿಯಕ್ಕ ನಿಂತಿದ್ದರು. ಆ ದಿನ ಮರಿಗೆಯಲ್ಲಿ ಎಲೆ ಇರಲಿಲ್ಲ. ತೊಳೆದಿತ್ತು. ದಂಬೆಯಿಂದ ನೀರು ಬೀಳುತ್ತಿತ್ತು.

ಮಮ್ಮಾಲಿ ಬ್ಯಾರಿಗಳು ತಮ್ಮ ಸೀಟಿನಿಂದ ಹಿಂದೆ ತಿರುಗಿದರು. ಅವರು ತಿರುಗಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಉಗ್ಗಪ್ಪಣ್ಣ," ಎಂದರು. "ಬಸ್ಸಿಗೆ ಬಾಯಾರಿಕೆ. ದೂಡುವವರು ಬೇಕಾದಷ್ಟು ಜನ ಇದ್ದಾರೆ. ಇದಕ್ಕೆ ಕುಡಿಸಿ ಗೊತ್ತಿರುವವರು ಈ ಬಸ್ಸಿನಲ್ಲಿ ನೀವೊಬ್ಬರು."

ಉಗ್ಗಪ್ಪಣ್ಣ ಬಾಗಿಲಲ್ಲಿ ನಿಂತರು. ಹೊರಗೆ ಬಿಸಿಲು, ಒಳಗೆ ನಾವು. ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಹಲ್ಲು ಕಚ್ಚಿ ಹಿಡಿದೆ. ಅವರು ಮರಿಗೆಯನ್ನು ನೋಡಿದರು. ಅಮ್ಮಣಿಯಕ್ಕನನ್ನು ನೋಡಿದರು. ಅಮ್ಮಣಿಯಕ್ಕ ಬೇಡಿಕೊಳ್ಳುವ ಮುಖ ಮಾಡಿರಲಿಲ್ಲ; ಕೈ ಕಟ್ಟಿ, ಸಂಜೆಯ ತನಕ ನಿಲ್ಲಲು ಬಂದವರ ಹಾಗೆ ನಿಂತಿದ್ದರು.

"ಇದಕ್ಕೆ ಒಮ್ಮೆಲೇ ಕುಡಿಸಬಾರದು," ಎಂದರು ಉಗ್ಗಪ್ಪಣ್ಣ. "ದಣಿದದ್ದಕ್ಕೆ ಒಮ್ಮೆಲೇ ಕುಡಿಸಿದರೆ ಹೊಟ್ಟೆ ಹಿಡಿಯುತ್ತದೆ. ಸ್ವಲ್ಪ ಹೊತ್ತು ನೆರಳಿಗೆ ನಿಲ್ಲಿಸಿ."

ನೆರಳು ಇದ್ದದ್ದು ಅಮ್ಮಣಿಯಕ್ಕನ ಎರಡು ಗೇರುಮರದ ಕೆಳಗೆ. ಅಲ್ಲಿಯ ತನಕ ಹುಡುಗರು ದೂಡಿದರು. ಉಗ್ಗಪ್ಪಣ್ಣ ಹಿಂದೆ ಬಂದು ಸೀಟಿನಲ್ಲಿ ಕೂತು, ಕಾಲಬುಡದ ಮಡಕೆಯನ್ನು ಎತ್ತಿ ತೊಡೆಗೆ ಇಟ್ಟುಕೊಂಡರು. ಬಸ್ಸು ನೆರಳಿಗೆ ಬಂದ ಮೇಲೆ, ಹಬೆ ಪೂರಾ ಇಳಿದ ಮೇಲೆ, ತಾವೇ 'ಈಗ' ಎಂದರು. ಮಮ್ಮಾಲಿ ಬ್ಯಾರಿಗಳು ಮುಚ್ಚಳ ತೆರೆದರು. ಮುದುಕರು ನಡುಗದ ಕೈಯಲ್ಲಿ, ನೂಲಿನ ಹಾಗೆ, ಮಡಕೆಯಿಂದ ಹೊಯ್ದರು. ನಡುವೆ ನಿಲ್ಲಿಸಿ ಕಿವಿ ಕೊಟ್ಟು ಕೇಳಿದರು. ಮತ್ತೆ ಹೊಯ್ದರು. ತುಂಬಿತು ಎಂದು ಗೊತ್ತಾದಾಗ ಬಸ್ಸಿನ ಮೂತಿಗೆ ಅಂಗೈಯಿಂದ ಎರಡು ಸಲ ತಟ್ಟಿದರು. ಎತ್ತು ತಿಂದ ಬಸ್ಸಿಗೆ.

ಅಮ್ಮಣಿಯಕ್ಕ ಚಿಪ್ಪು ಹಿಡಿದು ಹತ್ತಿರ ಬಂದರು. "ಅದು ಕುಡಿಯಿತು ಮಾವ," ಎಂದರು.

ಮುದುಕರು ಸೋದರಸೊಸೆಯ ಮುಖ ನೋಡಿ, "ನೀನು ಬಹಳ ಕಲಿತೆ ಮಾರಾಯ್ತಿ," ಎಂದು ಚಿಪ್ಪು ತೆಗೆದುಕೊಂಡರು. ಕುಡಿದು ಇನ್ನೊಂದು ಕೇಳಿದರು.

ಅವರು ಕುಡಿದದ್ದನ್ನು ನೋಡಿ ಉಳಿದವರಿಗೂ ಗಂಟಲು ನೆನಪಾಯಿತು. ಯಾರ ಮಡಕೆಯಿಂದ ಯಾರು ಕುಡಿಯಬಹುದು ಎಂಬ ಪ್ರಶ್ನೆ ನಮ್ಮಲ್ಲಿ ಸಣ್ಣದಲ್ಲ. ಆದರೆ ಬಸ್ಸು ಕುಡಿದು ಉಳಿದ ನೀರಿನ ವಿಷಯದಲ್ಲಿ ಯಾವ ಶಾಸ್ತ್ರವೂ ಏನೂ ಹೇಳಿರಲಿಲ್ಲ. ಒಬ್ಬೊಬ್ಬರೇ ಬೊಗಸೆ ಹಿಡಿದರು. ಒಬ್ಬರು ಮುಖ ತಿರುಗಿಸಿ ಕುಡಿದರು, ಒಬ್ಬರು ಕಣ್ಣು ಮುಚ್ಚಿ ಕುಡಿದರು. ಒಬ್ಬರು ಕುಡಿಯಲೇ ಇಲ್ಲ, ತಲೆಗೆ ಹೊಯ್ದುಕೊಂಡರು. ಅದೂ ಆಗುತ್ತದೆ ಎಂದರು ಅಮ್ಮಣಿಯಕ್ಕ.

ಮುಂದಿನ ಶನಿವಾರದಿಂದ ಅದು ಕ್ರಮವಾಯಿತು. ಅಮ್ಮಣಿಯಕ್ಕ ಅಷ್ಟಕ್ಕೆ ಬಿಡಲಿಲ್ಲ, ಬಿಡುವ ಜಾತಿಯವರಲ್ಲ. ಮಡಕೆಯ ಪಕ್ಕದಲ್ಲಿ ಗಂಜಿ ತಿಳಿಯ ಪಾತ್ರೆ ಬಂತು. ಗೇರುಮರಗಳ ನಡುವೆ ತೆಂಗಿನ ಮಡಲಿನ ಚಪ್ಪರ ಬಂತು. ಮುದುಕಿಯರು ಎಷ್ಟು ಹೇಳಿದರೂ ಎರಡು ಗುಟುಕಿಗಿಂತ ಹೆಚ್ಚು ಕುಡಿಯುವುದಿಲ್ಲ ಯಾಕೆ ಎಂದು ನಬೀಸುಮ್ಮನ ಕಿವಿಯಲ್ಲಿ ಕೇಳಿ ತಿಳಿದು, ಮನೆಯ ಹಿಂದೆ ಮಡಲಿನ ಮರೆಯೂ ಬಂತು. ಆಮೇಲೆ ಅವರು ಹೊಟ್ಟೆ ತುಂಬ ಕುಡಿದರು. ನಡುವೆ, ಅಂಗಾಲಿಗೆ ನೀರುಳ್ಳಿ ಉಜ್ಜಿದರೆ ಬಿಸಿಲು ತಾಗುವುದಿಲ್ಲ ಎಂದು ಅವರಿಗೆ ಯಾರೋ ಹೇಳಿ, ಒಂದು ವಾರ ನಮ್ಮ ಬಸ್ಸು ಪೂರಾ ನೀರುಳ್ಳಿ ನಾರಿತು. ಅದನ್ನು ಬಿಡಿಸಲು ಮಮ್ಮಾಲಿ ಬ್ಯಾರಿಗಳು ಮತ್ತೊಮ್ಮೆ ಬೀಡಿ ತೆಗೆಯಬೇಕಾಯಿತು.

ಶನಿವಾರ ಬಾರದ ಮುದುಕರ ಮನೆಗೆ ಭಾನುವಾರ ಅಮ್ಮಣಿಯಕ್ಕ ನಡೆದು ಹೋಗಿ ನೋಡಿ ಬರುತ್ತಿದ್ದರು. ಜ್ವರ ಎಂದು ಯಾರಾದರೂ ಹೊದೆಸಿ ಮಲಗಿಸಿದರೆ, ಬಿಸಿಲಿಗೆ ಹೋಗಿದ್ದರಾ ಎಂದು ಮೊದಲು ಕೇಳುತ್ತಿದ್ದರು. ಹೌದೆಂದರೆ ಮನೆಯವರನ್ನು ಕೇಳದೆ ಕಂಬಳಿ ಎಳೆಯುತ್ತಿದ್ದರು. ಇದರಿಂದ ಅವರಿಗೆ ಎರಡು ಮನೆಯಲ್ಲಿ ಬೈಗುಳ ಸಿಕ್ಕಿದ್ದುಂಟು. ಒಂದು ಮನೆಯಲ್ಲಿ ನಿಜವಾಗಿಯೂ ಜ್ವರವೇ ಆಗಿತ್ತು.

ಈಗ ಯುದ್ಧ ಮುಗಿದು ವರ್ಷಗಳಾದವು. ಬಸ್ಸಿಗೆ ಪೆಟ್ರೋಲು ಬಂದಿದೆ, ಪೀಪಾಯಿ ಗುಜರಿಗೆ ಹೋಗಿದೆ, ಬಟ್ಯನ ಕೆಮ್ಮು ಹೋಗಿಲ್ಲ. ಪಾದೆಯ ಏರನ್ನು ಬಸ್ಸು ಈಗ ಒಂದೇ ಉಸಿರಿಗೆ ಏರಬಲ್ಲದು. ನನ್ನ ಚೀಲವೂ ನನಗೆ ಸ್ವಲ್ಪ ಸರಿಹೊಂದಿದೆ. ಆದರೂ ಪಗ್ಗು ಬಂತೆಂದರೆ ಗೇರುಮರದ ಹತ್ತಿರ ಬರುವಾಗ ಯಾರಾದರೂ ಮುದುಕರು, "ಚೆನ್ನಪ್ಪ, ಬಸ್ಸಿಗೆ ಬಾಯಾರಿಕೆ ಅಂತ ಕಾಣುತ್ತದೆ" ಎನ್ನುತ್ತಾರೆ. ಮಮ್ಮಾಲಿ ಬ್ಯಾರಿಗಳು ನಿಲ್ಲಿಸುತ್ತಾರೆ. ಹೋದ ವರ್ಷ ಬಂದ ಹೊಸ ರಿಪೇರಿ ಮೇಸ್ತ್ರಿ ಮುಚ್ಚಳ ತೆರೆದು ನೋಡಿ, ತುಂಬ ನೀರು ಉಂಟಲ್ಲ, ಇದಕ್ಕೆ ಎಂತದ್ದು ಬಾಯಾರಿಕೆ ಎಂದು ಕೇಳಿದ. ಆ ಹೊತ್ತಿಗೆ ಎಲ್ಲರೂ ಕುಡಿಯುತ್ತಿದ್ದರು.

ಉಗ್ಗಪ್ಪಣ್ಣ ಈಗ ಮೊದಲಿನಷ್ಟು ಇಳಿಯುವುದಿಲ್ಲ. ಶನಿವಾರ ಮರಿಗೆಯ ಪಕ್ಕದ ಕಲ್ಲಿನ ಮೇಲೆ, ಚಪ್ಪರದ ಅಡಿಯಲ್ಲಿ, ಒದ್ದೆ ಬೈರಾಸು ತಲೆಗೆ ಹಾಕಿ ಕೂತು ಬಸ್ಸು ಕಾಯುತ್ತಾರೆ. ಬಸ್ಸು ನಿಂತ ಮೇಲೆ ಎದ್ದು ಬಂದು ಮೂತಿಗೆ ಕೈ ಇಟ್ಟು ನೋಡುತ್ತಾರೆ. ಬಿಸಿ ಹೆಚ್ಚಿದ್ದರೆ ನನಗೆ ಬೈಯುತ್ತಾರೆ. ತುಂಬಿಯೇ ಇರುವ ಬಸ್ಸಿಗೆ ಒಂದು ಚಿಪ್ಪು ಹೊಯ್ದು, ಅದು ಅಂಚಿನಿಂದ ಹೊರಗೆ ಚೆಲ್ಲಿದ್ದನ್ನು ಕಂಡ ಮೇಲೆಯೇ ಸೊಸೆಯ ಕಡೆ ಕೈ ಚಾಚುವುದು. ಅಮ್ಮಣಿಯಕ್ಕ ಚಿಪ್ಪು ಕೊಟ್ಟು, ಅವರು ಕುಡಿದು ಮುಗಿಸುವ ತನಕ ಅಲ್ಲಿಂದ ಕದಲುವುದಿಲ್ಲ. ಚಿಪ್ಪನ್ನು ಹಿಂದೆ ತೆಗೆದುಕೊಂಡು, ಬುಡದಲ್ಲಿ ಏನಾದರೂ ಉಳಿದಿದೆಯೋ ಎಂದು ಬೋರಲು ಹಾಕಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಹೊರಡಬಹುದು ಎಂದು ತಲೆ ಅಲ್ಲಾಡಿಸುತ್ತಾರೆ.

ಆಗ ನಾನು ಸೀಟಿ ಊದುತ್ತೇನೆ.